ಹಲ್ಲಿನ ಕಿಟ್ಟ ತೆಗೆಸಿರಿ
(ಕನ್ನೊಳ್ಳಿಯಲ್ಲಿ ಮಾಡಿದ ಭಾಷಣ)



ಎತ್ತು ಕೊಳ್ಳುವಾಗ ಬಾಯಿ ತೆರೆದು ಹಲ್ಲು ನೋಡುವ ನಾವು ನಮ್ಮ ಬಾಯಿ ನೋಡಿಕೊಳ್ಳುವುದಿಲ್ಲ. ಹಲ್ಲಿನ ಬುಡದಲ್ಲಿ ಉಳಿದ ಪಾಚಿ ಕೆಲದಿನಗಳಲ್ಲಿ ಕಲ್ಲಿನಂತೆ ಗಟ್ಟಿಯಾಗುತ್ತದೆ. ಇದೇ ಕಿಟ್ಟ. ಬೇವಿನ ಕಡ್ಡಿಗಾಗಲಿ ಬ್ರಶ್ಶಿಗಾಗಲಿ ಇದು ಹೋಗದು. ಇದ್ದಿಲಿನಿಂದ ತಿಕ್ಕಿದರೆ ಹಲ್ಲೇ ಸವೆಯುತ್ತದೆ. ವಸಡು ಬಾತು ರಕ್ತ ಬರುತ್ತದೆ. ನೋವಿಲ್ಲವೆಂದು ಸುಮ್ಮನಿದ್ದರೆ ಒಳಗಿನ ಎಲುಬು ಕರಗಿ, ಹುಳುಕಿಲ್ಲದ ಹಲ್ಲೂ ಬೀಳುತ್ತದೆ. ಆಮೇಲೆ ಖಡಕ್ ರೊಟ್ಟಿಯನ್ನು ನೆನೆಸಿಯೇ ತಿನ್ನಬೇಕು.

ಕಿಟ್ಟ ತೆಗೆಸಿದರೆ ಹಲ್ಲು ಸಡಿಲಾಗುತ್ತವೆ ಎಂಬ ಮಾತುಂಟು. ಅದು ತಪ್ಪು. ಸಡಿಲಾದದ್ದು ಮೊದಲೇ, ಕಿಟ್ಟ ಅದನ್ನು ಮರೆಮಾಡಿತ್ತು.

ಒಮ್ಮೆ ಎಡೆ ಹೊಡೆದರೆ ಕಸ ಮತ್ತೆ ಬಾರದೇ? ಕಿಟ್ಟವೂ ಹಾಗೆಯೇ. ವರ್ಷಕ್ಕೊಮ್ಮೆಯಾದರೂ ದಂತವೈದ್ಯರಿಗೆ ತೋರಿಸಿರಿ. ತಂಬಾಕು ತಿನ್ನುವವರು, ಸಕ್ಕರೆ ಕಾಯಿಲೆಯವರು ಇನ್ನೂ ಬೇಗ. ಸಿಂದಗಿಯ ತಾಲೂಕು ಆಸ್ಪತ್ರೆಯಲ್ಲಿ ವಿಚಾರಿಸಿರಿ. ವಿಜಯಪುರದಲ್ಲಿ ದಂತ ಕಾಲೇಜೂ ಇದೆ.