ಚದುರಂಗದ ಮಣೆಯ ಮೇಲೆ ಅನುಮಾನದ ನೆರಳು

ಪಗಡೆಗೂ ಚದುರಂಗಕ್ಕೂ ಒಂದು ದೊಡ್ಡ ಅಂತರವುಂಟು. ಪಗಡೆಯಲ್ಲಿ ಸೋತವನು ದಾಳವನ್ನು ಬಯ್ಯಬಹುದು. ಗೆದ್ದವನ ದಾಳದಲ್ಲಿ ಏನೋ ಮೋಸವಿತ್ತೆಂದು ಶಂಕಿಸಲೂಬಹುದು. ಶಕುನಿಯ ಕಥೆಯನ್ನು ಕೇಳಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚದುರಂಗದಲ್ಲಿ ಅಂಥ ಮುಚ್ಚುಮರೆಯೇ ಇಲ್ಲ. 64 ಮನೆಗಳು, 32 ಕಾಯಿಗಳು, ಎಲ್ಲವೂ ಇಬ್ಬರ ಕಣ್ಣೆದುರಿಗೇ ಇರುತ್ತವೆ. ಕೈಯಲ್ಲಿ ಬಚ್ಚಿಟ್ಟ ಎಲೆಯಿಲ್ಲ, ಉರುಳುವ ದಾಳವಿಲ್ಲ. ಸೋತರೆ ಅದು ನನ್ನ ಬುದ್ಧಿಯ ಸೋಲು, ಗೆದ್ದರೆ ನನ್ನ ಬುದ್ಧಿಯ ಗೆಲುವು. ಈ ಆಟಕ್ಕೆ ಇಷ್ಟು ಗೌರವ ಬಂದದ್ದು ಈ ಕಾರಣದಿಂದಲೇ. ಇಂಥ ಆಟದಲ್ಲಿ ಮೋಸ ಮಾಡಬೇಕಾದರೆ ಅದನ್ನು ಹೊರಗಿನಿಂದಲೇ ತರಬೇಕು. ನಮ್ಮ ಕಾಲದಲ್ಲಿ ಅದು ಹೊರಗಿನಿಂದ ಬಂದಿದೆ. ಬಂದದ್ದು ಗಣಕಯಂತ್ರದ ರೂಪದಲ್ಲಿ.

ಮೈಸೂರಿನವರಿಗೆ ಚದುರಂಗ ಹೊಸದಲ್ಲ. 1794ರಿಂದ 1868ರವರೆಗೆ ಬದುಕಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮಣೆಯಾಟಗಳಲ್ಲಿ ಎಷ್ಟು ಆಸಕ್ತಿಯಿತ್ತೆಂಬುದಕ್ಕೆ ಅವರ ಹೆಸರಿನಲ್ಲಿರುವ ಶ್ರೀತತ್ತ್ವನಿಧಿಯ ಕೌತುಕನಿಧಿಯೇ ಸಾಕ್ಷಿ. ಕುದುರೆಯು ಮಣೆಯ ಎಲ್ಲ ಮನೆಗಳಿಗೂ ಒಂದೊಂದೇ ಸಲ ಹೋಗಿ ಬರುವಂತೆ ನಡೆಸುವ ಸಮಸ್ಯೆಯನ್ನು ಬಗೆಬಗೆಯಾಗಿ ಬಿಡಿಸುವುದು ಆ ಅರಸರ ವಿನೋದವಾಗಿತ್ತು. ಇತ್ತೀಚೆಗೆ, 2017ರಲ್ಲಿ, ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಎನಿಸಿದ ಎಂ. ಎಸ್. ತೇಜ್‌ಕುಮಾರ್ ಅವರೂ ಮೈಸೂರಿನವರೇ. 2024ರ ಡಿಸೆಂಬರಿನಲ್ಲಿ ಚೆನ್ನೈನ ಹುಡುಗ ಡಿ. ಗುಕೇಶ್ 18ನೆಯ ವಯಸ್ಸಿಗೇ ಜಗಜ್ಜೇತನಾದ. ಈ ಆಟಕ್ಕೆ ಕುಳಿತುಕೊಳ್ಳುವ ಮಕ್ಕಳು ನಮ್ಮ ಸುತ್ತಲೂ ಇದ್ದಾರೆ. ಆದ್ದರಿಂದ ಇದು ದೂರದ ದೇಶದ ದೊಡ್ಡವರ ಜಗಳವೆಂದು ನಾವು ಸುಮ್ಮನಿರುವಂತಿಲ್ಲ.

ಯಂತ್ರಕ್ಕೂ ಚದುರಂಗಕ್ಕೂ ಇರುವ ನಂಟು ಬಹಳ ಹಳೆಯದು, ಸ್ವಾರಸ್ಯವಾದದ್ದು. 1770ರಲ್ಲಿ ವಿಯೆನ್ನಾ ನಗರದಲ್ಲಿ ಕೆಂಪೆಲೆನ್ ಎಂಬಾತ ಒಂದು ವಿಚಿತ್ರ ಯಂತ್ರವನ್ನು ಪ್ರದರ್ಶಿಸಿದ. ದೊಡ್ಡದೊಂದು ಪೆಟ್ಟಿಗೆ, ಅದರ ಹಿಂದೆ ಮುಂಡಾಸು ಕಟ್ಟಿಕೊಂಡ ತುರ್ಕನ ಬೊಂಬೆ. ಬೊಂಬೆ ತಾನೇ ಕೈಯೆತ್ತಿ ಕಾಯಿ ನಡೆಸುತ್ತಿತ್ತು. ನೆಪೋಲಿಯನ್ನನೂ 1809ರಲ್ಲಿ ಅದರೊಡನೆ ಆಡಿದ. ಅದರ ಗುಟ್ಟು ಇಷ್ಟೇ: ಪೆಟ್ಟಿಗೆಯೊಳಗೆ ಆಟ ಬಲ್ಲ ಒಬ್ಬ ಮನುಷ್ಯ ಮುದುಡಿಕೊಂಡು ಕುಳಿತಿರುತ್ತಿದ್ದ! ಆ ಕಾಲದ ಮೋಸವೆಂದರೆ ಯಂತ್ರದೊಳಗೆ ಅಡಗಿದ ಮನುಷ್ಯ. ಈ ಕಾಲದ ಮೋಸವೆಂದರೆ ಮನುಷ್ಯನೊಳಗೆ ಅಡಗಿದ ಯಂತ್ರ.

ಈ ತಿರುವುಮುರುವು ಆದದ್ದು 1997ರಲ್ಲಿ ಎನ್ನಬಹುದು. ಆ ವರ್ಷದ ಮೇ ತಿಂಗಳಲ್ಲಿ ಡೀಪ್ ಬ್ಲೂ ಎಂಬ ಗಣಕಯಂತ್ರ ಆಗಿನ ಜಗಜ್ಜೇತ ಗ್ಯಾರಿ ಕ್ಯಾಸ್ಪರೋವರನ್ನು ಮೂರೂವರೆ–ಎರಡೂವರೆ ಅಂಕಗಳಿಂದ ಸೋಲಿಸಿತು. ಆಗ ಕ್ಯಾಸ್ಪರೋವರಿಗೆ ಬಂದ ಅನುಮಾನ ಯಾವುದು ಬಲ್ಲಿರಾ? ಯಂತ್ರದ ಹಿಂದೆ ನಿಂತು ಯಾರೋ ಮನುಷ್ಯರು ನಡೆ ಹೇಳಿಕೊಟ್ಟಿರಬೇಕು ಎಂಬುದು! ಇಂದು ಹಾಗೆ ಯಾರೂ ಶಂಕಿಸುವುದಿಲ್ಲ. ಅಂದು ಅಷ್ಟು ದೊಡ್ಡ ಯಂತ್ರ ಮಾಡಿದ ಕೆಲಸವನ್ನು ಮೀರಿದ್ದನ್ನು ಇಂದು ಜೇಬಿನ ಮೊಬೈಲ್ ಫೋನು ಮಾಡುತ್ತದೆ. ಆಟಗಾರರ ಬಲವನ್ನು ಅಳೆಯುವ ಅಂಕಪದ್ಧತಿಯಲ್ಲಿ ಮನುಷ್ಯಮಾತ್ರರು ಮುಟ್ಟಿದ ಅತ್ಯುನ್ನತ ಶಿಖರ 2014ರಲ್ಲಿ ನಾರ್ವೆಯ ಮ್ಯಾಗ್ನಸ್ ಕಾರ್ಲ್‌ಸನ್ ಮುಟ್ಟಿದ 2882. ಯಾರಿಗೂ ಧರ್ಮಾರ್ಥವಾಗಿ ದೊರೆಯುವ ಸ್ಟಾಕ್‌ಫಿಶ್ ಎಂಬ ಚದುರಂಗದ ತಂತ್ರಾಂಶ ಅದಕ್ಕಿಂತ ನೂರಾರು ಅಂಕ ಮೇಲಿದೆ.

ಇನ್ನೊಂದು ವಿಷಯವನ್ನು ನೀವು ಗಮನಿಸಬೇಕು. ಸಾಮಾನ್ಯ ಆಟಗಾರನಿಗೆ ಗೆಲ್ಲಬೇಕಾದರೆ ಯಂತ್ರ ಪ್ರತಿಯೊಂದು ನಡೆಯನ್ನೂ ಹೇಳಿಕೊಡಬೇಕು. ಆದರೆ ನುರಿತ ಆಟಗಾರನಿಗೆ ಅಷ್ಟೆಲ್ಲ ಬೇಡ. ‘ಈಗ ಸ್ವಲ್ಪ ನಿಲ್ಲು, ಇಲ್ಲಿ ಏನೋ ಇದೆ’ ಎಂಬ ಸುಳಿವು ಆಟದಲ್ಲಿ ಒಂದೇ ಒಂದು ಸಲ ಸಿಕ್ಕರೆ ಸಾಕು. ಉಳಿದದ್ದನ್ನು ಅವನೇ ಹುಡುಕಿಕೊಳ್ಳುತ್ತಾನೆ. ಒಂದು ಕೆಮ್ಮು, ಒಂದು ಕಣ್ಸನ್ನೆಯಲ್ಲಿ ಮುಗಿದುಹೋಗುವ ಕೆಲಸವದು. ಮೇಲಿನ ಮಟ್ಟದಲ್ಲಿ ಮೋಸವನ್ನು ಹಿಡಿಯುವುದು ಕಷ್ಟವಾಗಿರುವುದೂ, ಅನುಮಾನ ಹುಟ್ಟುವುದು ಸುಲಭವಾಗಿರುವುದೂ ಇದರಿಂದಲೇ.

ಹಾಗೆಂದು ಸಿಕ್ಕಿಬಿದ್ದವರೇ ಇಲ್ಲವೆಂದಲ್ಲ. 2006ರಲ್ಲಿ ದೆಹಲಿಯ ಒಂದು ಪಂದ್ಯಾವಳಿಯಲ್ಲಿ ಆಟಗಾರನೊಬ್ಬ ತನ್ನ ಟೋಪಿಯೊಳಗೆ ಬ್ಲೂಟೂತ್ ಸಾಧನವನ್ನು ಹೊಲಿದುಕೊಂಡು ಬಂದಿದ್ದ; ಅಖಿಲ ಭಾರತ ಚದುರಂಗ ಒಕ್ಕೂಟ ಅವನನ್ನು 10 ವರ್ಷ ಹೊರಗಿಟ್ಟಿತು. 2019ರಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬೂರ್ಗ್ ನಗರದಲ್ಲಿ ಇಗೋರ್ಸ್ ರೌಸಿಸ್ ಎಂಬ ಗ್ರ್ಯಾಂಡ್‌ಮಾಸ್ಟರು ಶೌಚಾಲಯದಲ್ಲಿ ಫೋನು ನೋಡಿ ಸಿಕ್ಕಿಬಿದ್ದರು. 50 ದಾಟಿದ ವಯಸ್ಸಿನಲ್ಲಿ ಅವರ ಅಂಕ ಒಂದೇ ಸಮನೆ ಏರುತ್ತಿದ್ದುದು ಮೊದಲೇ ಹಲವರ ಹುಬ್ಬೇರಿಸಿತ್ತು. ಅಂತರರಾಷ್ಟ್ರೀಯ ಚದುರಂಗ ಸಂಸ್ಥೆಯಾದ ಫಿಡೆ ಅವರ ಬಿರುದನ್ನು ಕಿತ್ತುಕೊಂಡು 6 ವರ್ಷ ನಿಷೇಧ ಹಾಕಿತು.

ನಮ್ಮ ಬೆಂಗಳೂರಿಗೆ ಸಂಬಂಧಿಸಿದ ಒಂದು ಪ್ರಸಂಗವೂ ಉಂಟು. 2021ರ ಜೂನ್ 13ರಂದು, ಕೋವಿಡ್ ಸಂಕಟದ ನಡುವೆ, ಅಕ್ಷಯ ಪಾತ್ರ ಪ್ರತಿಷ್ಠಾನದ ಸೇವಾಕಾರ್ಯಕ್ಕೆ ಹಣ ಕೂಡಿಸಲು ವಿಶ್ವನಾಥನ್ ಆನಂದ್ ಅವರು ಹಲವು ಗಣ್ಯರೊಡನೆ ಏಕಕಾಲದಲ್ಲಿ ಅಂತರಜಾಲದ ಮೂಲಕ ಆಡಿದರು. ಆಮೀರ್ ಖಾನ್, ನಮ್ಮ ಸುದೀಪ್ ಮೊದಲಾದವರು ಅದರಲ್ಲಿದ್ದರು. ಬೆಂಗಳೂರಿನ ಷೇರು ವ್ಯವಹಾರ ಸಂಸ್ಥೆ ಜೆರೋಧಾದ ಸಂಸ್ಥಾಪಕರಲ್ಲೊಬ್ಬರಾದ ನಿಖಿಲ್ ಕಾಮತ್ ಅವರು ಆನಂದರನ್ನು ಸೋಲಿಸಿಯೇಬಿಟ್ಟರು! ಐದು ಬಾರಿ ಜಗಜ್ಜೇತರಾದವರನ್ನು ಹವ್ಯಾಸಿಯೊಬ್ಬರು ಸೋಲಿಸಿದರೆಂದರೆ ಯಾರು ನಂಬುತ್ತಾರೆ? ಮರುದಿನವೇ ಕಾಮತ್ ಅವರು ತಮಗೆ ಆಟ ಬಲ್ಲವರ ಮತ್ತು ಗಣಕಯಂತ್ರದ ನೆರವು ಇತ್ತೆಂದು ಬಹಿರಂಗವಾಗಿ ಒಪ್ಪಿಕೊಂಡು ಕ್ಷಮೆ ಕೇಳಿದರು. ತಾವು ಮಣೆಯ ಮೇಲಿನ ಸ್ಥಿತಿಯನ್ನು ನೋಡಿ ಆಡಿದುದಾಗಿಯೂ, ಎಲ್ಲರಿಂದಲೂ ಅದನ್ನೇ ನಿರೀಕ್ಷಿಸಿದ್ದುದಾಗಿಯೂ ಆನಂದ್ ತಿಳಿಸಿದರು, ವಿಷಯವನ್ನು ಬೆಳೆಸಲಿಲ್ಲ. ತಪ್ಪು ನಡೆಯಿತು, ತಪ್ಪೊಪ್ಪಿಗೆ ಬಂತು, ಪ್ರಕರಣ ಮುಗಿಯಿತು. ಎಲ್ಲ ಪ್ರಕರಣಗಳೂ ಹೀಗೆ ಮುಗಿಯುವುದಾದರೆ ಈ ಭಾಷಣವೇ ಬೇಕಾಗುತ್ತಿರಲಿಲ್ಲ.

ತೊಡಕು ಇರುವುದು ಒಪ್ಪಿಗೆಯೂ ಇಲ್ಲದ, ಪುರಾವೆಯೂ ಇಲ್ಲದ ಕಡೆ. 2006ರಲ್ಲಿ ರಷ್ಯದ ಎಲಿಸ್ತಾದಲ್ಲಿ ಕ್ರಾಮ್ನಿಕ್ ಮತ್ತು ಟೊಪಾಲೊವ್ ಜಗಜ್ಜೇತ ಪದವಿಗೆ ಸೆಣಸುತ್ತಿದ್ದಾಗ, ಕ್ರಾಮ್ನಿಕ್ ಅತಿಯಾಗಿ ಶೌಚಾಲಯಕ್ಕೆ ಹೋಗುತ್ತಾರೆಂದು ಎದುರು ಪಕ್ಷದವರು ದೂರು ಕೊಟ್ಟರು. ಅವರ ಖಾಸಗಿ ಶೌಚಾಲಯಕ್ಕೆ ಬೀಗ ಬಿತ್ತು. ಪ್ರತಿಭಟಿಸಿ ಕ್ರಾಮ್ನಿಕ್ ಐದನೆಯ ಆಟಕ್ಕೆ ಬರಲೇ ಇಲ್ಲ. ಆ ಅಂಕ ಎದುರಾಳಿಗೆ ಹೋಯಿತು. ಕೊನೆಗೆ ಕ್ರಾಮ್ನಿಕ್ಕರೇ ಗೆದ್ದರು. ಮೋಸಕ್ಕೆ ಪುರಾವೆ ಸಿಗಲಿಲ್ಲ. ಮನಸ್ಸುಗಳು ಮಾತ್ರ ಕಹಿಯಾದವು.

2022ರ ಸೆಪ್ಟೆಂಬರಿನಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಕಾರ್ಲ್‌ಸನ್ನರು 19 ವರ್ಷದ ಹಾನ್ಸ್ ನೀಮನ್‌ಗೆ ಸೋತು, ಮರುದಿನವೇ ಪಂದ್ಯಾವಳಿಯಿಂದ ಹೊರನಡೆದರು. ಮೊದಲು ಬಾಯಿಬಿಟ್ಟು ಏನೂ ಹೇಳಲಿಲ್ಲ. ಆದರೆ ಜಗತ್ತಿಗೆ ಅರ್ಥವಾಯಿತು. ಹಿಂದೆ 12 ಮತ್ತು 16ನೆಯ ವಯಸ್ಸಿನಲ್ಲಿ ಅಂತರಜಾಲದ ಆಟಗಳಲ್ಲಿ ಮೋಸಮಾಡಿದ್ದೆನೆಂದು ನೀಮನ್ ಒಪ್ಪಿಕೊಂಡ. ಎದುರುಬದುರಾಗಿ ಕುಳಿತು ಆಡುವಾಗ ಎಂದೂ ಮಾಡಿಲ್ಲವೆಂದು ಹೇಳಿದ. ಚೆಸ್‌.ಕಾಮ್ ಸಂಸ್ಥೆ 72 ಪುಟಗಳ ವರದಿ ಹೊರಡಿಸಿ, ಅಂತರಜಾಲದ 100ಕ್ಕೂ ಹೆಚ್ಚು ಆಟಗಳಲ್ಲಿ ಅವನು ಮೋಸಮಾಡಿರುವ ಸಂಭವವಿದೆ ಎಂದಿತು. ಎದುರುಬದುರಿನ ಆಟಗಳಲ್ಲಿ ಮಾಡಿದನೆಂಬುದಕ್ಕೆ ಖಚಿತವಾದ ಪುರಾವೆಯಿಲ್ಲವೆಂದೂ ಹೇಳಿತು. ನೀಮನ್ 10 ಕೋಟಿ ಡಾಲರಿನ ಮೊಕದ್ದಮೆ ಹೂಡಿದ. ಅದು 2023ರ ಜೂನಿನಲ್ಲಿ ವಜಾ ಆಯಿತು, ಆಗಸ್ಟಿನಲ್ಲಿ ರಾಜಿಯಾಯಿತು. ಸಕಾರಣವಿಲ್ಲದೆ ಹೊರನಡೆದದ್ದಕ್ಕಾಗಿ ಆ ವರ್ಷದ ಕೊನೆಯಲ್ಲಿ ಫಿಡೆ ಕಾರ್ಲ್‌ಸನ್ನರಿಗೆ 10,000 ಯೂರೋ ದಂಡ ಹಾಕಿ, ಉಳಿದ ಆಪಾದನೆಗಳಿಂದ ಅವರನ್ನು ಮುಕ್ತಗೊಳಿಸಿತು. ಇಷ್ಟೆಲ್ಲ ಆದಮೇಲೂ ಆ ಒಂದು ಆಟದಲ್ಲಿ ಮೋಸ ನಡೆಯಿತೆಂದು ತೋರಿಸಿಕೊಟ್ಟವರು ಯಾರೂ ಇಲ್ಲ.

‘ಲೆಕ್ಕ ಹಾಕಿ ಹಿಡಿಯಬಾರದೆ?’ ಎಂದು ನೀವು ಕೇಳಬಹುದು. ಲೆಕ್ಕವೂ ಉಂಟು. ಅಮೆರಿಕದ ಬಫಲೋ ವಿಶ್ವವಿದ್ಯಾನಿಲಯದ ಕೆನ್ ರೀಗನ್ ಎಂಬ ಪ್ರಾಧ್ಯಾಪಕರು, ಒಬ್ಬನ ನಡೆಗಳು ಯಂತ್ರದ ನಡೆಗಳಿಗೆ ಎಷ್ಟು ಹೊಂದುತ್ತವೆ, ಅವನ ಅಂಕಕ್ಕೆ ಅಷ್ಟು ಹೊಂದಿಕೆ ಸಹಜವೆ ಎಂದು ಅಳೆಯುವ ವಿಧಾನವನ್ನು ರೂಪಿಸಿದ್ದಾರೆ. ಬಹಳ ಉಪಯುಕ್ತವಾದ ವಿಧಾನ. ಆದರೆ ಲೆಕ್ಕ ಹೇಳುವುದು ‘ಹೀಗಾಗುವುದು ಎಷ್ಟು ಅಪರೂಪ’ ಎಂಬುದನ್ನು. ‘ಏನು ನಡೆಯಿತು’ ಎಂಬುದನ್ನಲ್ಲ. ಒಂದು ಉದಾಹರಣೆ ಕೊಡುತ್ತೇನೆ. ಪ್ರಾಮಾಣಿಕನೊಬ್ಬ 10,000 ಆಟಗಳಿಗೆ ಒಮ್ಮೆ ಮಾತ್ರ ಯಂತ್ರದಂತೆ ಆಡಬಲ್ಲನೆಂದು ಇಟ್ಟುಕೊಳ್ಳಿ. ಒಂದು ದಿನ ಲಕ್ಷ ಆಟಗಳು ನಡೆದರೆ, ಒಬ್ಬನೂ ಮೋಸಮಾಡದೆ ಇದ್ದರೂ, ಸುಮಾರು 10 ಆಟಗಳು ‘ಯಂತ್ರದಂತೆ’ ಕಾಣುತ್ತವೆ. ಆ ಹತ್ತು ಮಂದಿಯನ್ನು ಕಳ್ಳರೆಂದು ಸಾರಿದರೆ, ಜೀವಮಾನದಲ್ಲೇ ಅತ್ಯುತ್ತಮವಾಗಿ ಆಡಿದ ದಿನದಂದೇ ಅವರಿಗೆ ಅವಮಾನ! ಪ್ರತ್ಯಕ್ಷವಾಗಿ ಕಂಡರೂ ಪರಾಂಬರಿಸಿ ನೋಡು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಅವಮಾನ ಸಣ್ಣ ಮಾತಲ್ಲ. ಒಮ್ಮೆ ಅನುಮಾನದ ಸುಳಿಗೆ ಸಿಕ್ಕಿ ನೊಂದಿದ್ದ ಕ್ರಾಮ್ನಿಕ್ಕರೇ ಈಚಿನ ವರ್ಷಗಳಲ್ಲಿ ಅಂತರಜಾಲದ ಹಲವು ಆಟಗಾರರ ಮೇಲೆ ಬಹಿರಂಗವಾಗಿ ಸಂಶಯ ವ್ಯಕ್ತಪಡಿಸುತ್ತ ಬಂದರು. ಅವರಲ್ಲಿ ಒಬ್ಬ ಅಮೆರಿಕದ ಡೇನಿಯಲ್ ನರೊಡಿಟ್ಸ್ಕಿ. ಸಹಸ್ರಾರು ಜನರಿಗೆ ಆಟ ಕಲಿಸಿದವನು. ಆತ ಆ ಮಾತನ್ನು ನಿರಾಕರಿಸುತ್ತಲೇ ಇದ್ದ. 2025ರ ಅಕ್ಟೋಬರಿನಲ್ಲಿ, 29ನೆಯ ವಯಸ್ಸಿನಲ್ಲಿ, ತೀರಿಕೊಂಡ. ಆ ಸಾವನ್ನು ಈ ಆರೋಪಕ್ಕೆ ಗಂಟುಹಾಕುವುದು ಇನ್ನೊಂದು ಅನುಮಾನವೇ ಆದೀತು. ನಾವು ಆ ಕೆಲಸಕ್ಕೆ ಹೋಗುವುದು ಬೇಡ. ಆದರೆ ಅವನ ಕೊನೆಯ ವರ್ಷದ ಮೇಲೆ ಆ ನೆರಳು ಇತ್ತೆಂಬುದು ನಿಜ. ಮುಂದಿನ ತಿಂಗಳು ಫಿಡೆಯ ಆಡಳಿತ ಮಂಡಲಿ ಕ್ರಾಮ್ನಿಕ್ಕರ ನಡವಳಿಕೆಯ ಬಗ್ಗೆ ತನ್ನ ನೀತಿ ಸಮಿತಿಗೆ ದೂರು ಸಲ್ಲಿಸಿತು.

ಹಾಗಾದರೆ ಪರಿಹಾರವೇನು? ಮೊದಲನೆಯದು ಎಚ್ಚರಿಕೆ. ಆಟದ ಕೋಣೆಗೆ ಫೋನು ಕೂಡದು. ಬಾಗಿಲಲ್ಲಿ ಲೋಹಶೋಧಕ ಇರಬೇಕು. ಇನ್ನೊಂದು ಉಪಾಯ ನಮ್ಮ ಯಾದವಗಿರಿಯ ನಿಲಯದವರಿಗೆ ವಿಚಿತ್ರವಾಗಿ ತೋರೀತು. ಸುದ್ದಿ ಐದು ನಿಮಿಷ ತಡವಾದರೂ ರೇಡಿಯೋದವರಿಗೆ ಸಂಕಟ. ಚದುರಂಗದಲ್ಲಿ ತಡವೇ ಔಷಧ! ಸೇಂಟ್ ಲೂಯಿಸಿನಲ್ಲಿ ಗಲಭೆಯಾದ ಮೇಲೆ, ನಡೆಗಳನ್ನು ಹೊರಜಗತ್ತಿಗೆ 15 ನಿಮಿಷ ತಡೆದು ಬಿತ್ತರಿಸತೊಡಗಿದರು. ಹೊರಗೆ ಕುಳಿತ ಸಹಾಯಕನಿಗೆ ಆಟ ಕಾಣುವ ವೇಳೆಗೆ ಒಳಗೆ ಆಟ ಮುಂದೆ ಹೋಗಿರುತ್ತದೆ. ಆದರೂ ನೀನು ಚಾಪೆಯ ಕೆಳಗೆ ತೂರಿದರೆ ನಾನು ರಂಗೋಲಿಯ ಕೆಳಗೆ ತೂರುತ್ತೇನೆ ಎನ್ನುವವರು ಇದ್ದೇ ಇರುತ್ತಾರೆ. ಆದ್ದರಿಂದ ಎರಡನೆಯ ಪರಿಹಾರವೂ ಬೇಕು: ಸಂಶಯವಿದ್ದರೆ ಅದನ್ನು ತೀರ್ಪುಗಾರರ ಕಿವಿಗೆ ಹಾಕಬೇಕೇ ಹೊರತು ಊರ ಕಿವಿಗಲ್ಲ.

ಇದು ನಮ್ಮ ಮನೆಗಳಿಗೂ ಸಲ್ಲುವ ಮಾತು. ಮಗು ಫೋನಿನಲ್ಲಿ ಆಡಿ ಸೋತು, ‘ಅಪ್ಪಾ, ಅವನು ಮೋಸಮಾಡಿದ’ ಎಂದು ಅಳುತ್ತಾ ಬಂದರೆ, ಹೌದೆಂದೂ ಹೇಳಬೇಡಿ, ಅಲ್ಲವೆಂದೂ ಹೇಳಬೇಡಿ. ‘ಬಾ, ನೀನು ಎಲ್ಲಿ ಎಡವಿದೆ ನೋಡೋಣ’ ಎಂದು ಮರದ ಮಣೆಯ ಮೇಲೆ ಆ ಆಟವನ್ನು ಮತ್ತೆ ಜೋಡಿಸಿ. ಹತ್ತರಲ್ಲಿ ಒಂಬತ್ತು ಸಲ ಸೋಲಿನ ಕಾರಣ ಅಲ್ಲೇ ಸಿಗುತ್ತದೆ. ಉಳಿದ ಒಂದು ಸಲ ನಿಜವಾಗಿ ಸಂಶಯವಿದ್ದರೆ, ಆಟ ನಡೆಸುವವರಿಗೆ ತಿಳಿಸಿ ಅಲ್ಲಿಗೇ ಬಿಡಿ. ಹಾಗೆಯೇ, ಆಡುವಾಗ ಯಂತ್ರದ ಮಾತು ಕೇಳಬಾರದು, ಆಟ ಮುಗಿದ ಮೇಲೆ ಕೇಳಿ ಕಲಿಯಬಹುದು ಎಂಬ ವಿವೇಕವನ್ನೂ ಹೇಳಿಕೊಡಿ. ಯಂತ್ರ ಒಳ್ಳೆಯ ಗುರು. ಆಟದ ನಡುವೆ ಮಾತ್ರ ಅದರ ಬಾಯಿ ಮುಚ್ಚಿರಬೇಕು. ಎದುರಿಗೆ ಕುಳಿತವನು ತನ್ನ ಬುದ್ಧಿಯಿಂದಲೇ ಆಡುತ್ತಿದ್ದಾನೆಂಬ ನಂಬಿಕೆ ಉಳಿದಿರುವವರೆಗೆ ಚದುರಂಗ ಆಟವಾಗಿರುತ್ತದೆ. ಆ ನಂಬಿಕೆಗೆ ಅರ್ಹರಾಗುವುದನ್ನೂ, ಅದನ್ನು ಇತರರಲ್ಲಿ ಇಡುವುದನ್ನೂ ಮಕ್ಕಳು ಮೊದಲು ಕಲಿಯುವುದು ಮನೆಯ ಮಣೆಯ ಮೇಲೆಯೇ.