ನಂದಲಾಲ ಬೋಸರ ರೇಖಾಚಿತ್ರಗಳು ಮತ್ತು ನಮ್ಮ ಚಿತ್ರಕಲೆಯ ಪಾಠ
(ಶಿಕ್ಷಕರ ಪುನಶ್ಚೇತನ ಶಿಬಿರದಲ್ಲಿ ಮಾಡಿದ ಉಪನ್ಯಾಸ)



ಚಿತ್ರಕಲೆಯ ಅವಧಿ ಎಂದೊಡನೆ ನಮ್ಮ ಕಪ್ಪು ಹಲಗೆಯ ಮೇಲೆ ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೊಂದು ಹೊಳೆ ಮೂಡುತ್ತವೆ. ಬಯಲುಸೀಮೆಯ ಮಗುವೂ ಅದನ್ನೇ ಬರೆಯುತ್ತದೆ, ಕಡಲತೀರದ ಮಗುವೂ ಅದನ್ನೇ ಬರೆಯುತ್ತದೆ. ನಾನೂ ಬಹಳ ವರ್ಷ ಹಾಗೆಯೇ ಕಲಿಸಿದವನು. ಆ ರೂಢಿಯನ್ನು ಬಿಡಲು ನನಗೆ ದಾರಿ ತೋರಿದವರು ಶಾಂತಿನಿಕೇತನದ ಕಲಾಗುರು ನಂದಲಾಲ ಬೋಸರು.

1882ರಲ್ಲಿ ಬಿಹಾರದಲ್ಲಿ ಜನಿಸಿದ ಬೋಸರು ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ಮೈಸೂರಿನ ಕೆ. ವೆಂಕಟಪ್ಪನವರೂ ಅದೇ ಗುರುವಿನ ಬಳಿ ಕಲಿತವರು. ಮುಂದೆ ಬೋಸರು ಶಾಂತಿನಿಕೇತನದ ಕಲಾಭವನದ ಮುಖ್ಯಸ್ಥರಾಗಿ ದೀರ್ಘಕಾಲ ಸೇವೆ ಸಲ್ಲಿಸಿದರು.

ಬೋಸರು ಎಲ್ಲಿಗೆ ಹೋದರೂ ಪೋಸ್ಟ್‌ಕಾರ್ಡಿನಷ್ಟು ಅಳತೆಯ ಬಿಡಿ ಕಾರ್ಡುಗಳನ್ನು ಒಯ್ಯುತ್ತಿದ್ದರು. 1924ರಲ್ಲಿ ರವೀಂದ್ರನಾಥರೊಡನೆ ಚೀನಾ, ಜಪಾನುಗಳಿಗೆ ಹೋದಾಗಲೂ ಅವರ ಕೈ ಬರೆಯುತ್ತಲೇ ಇತ್ತು. ಮರ, ದೋಣಿ, ಆಡು, ದುಡಿಯುವ ಜನ ಇವೆಲ್ಲವೂ ನಾಲ್ಕಾರು ಗೆರೆಗಳಲ್ಲಿ ಕಾರ್ಡಿನ ಮೇಲೆ ನಿಲ್ಲುತ್ತಿದ್ದವು. ಹಲವು ಕಾರ್ಡುಗಳು ಶಿಷ್ಯರಿಗೂ ಮಿತ್ರರಿಗೂ ಪತ್ರಗಳಾಗಿ ಅಂಚೆಯಲ್ಲಿ ತಲುಪಿದವು. ವಿದ್ಯಾರ್ಥಿಗಳನ್ನೂ ಅವರು ಪ್ರವಾಸಕ್ಕೆ ಕರೆದೊಯ್ದು, ಕಂಡುದನ್ನು ಬರೆಯುವ ಅಭ್ಯಾಸ ಮಾಡಿಸುತ್ತಿದ್ದರು.

ನೋಡುವುದಷ್ಟೇ ಸಾಲದು, ನಾಡಿನ ಕಲೆ ಬಲ್ಲವರಿಗೆ ಗುರುವಿನ ಪೀಠ ದೊರೆಯಬೇಕು ಎಂಬುದು ಕಲಾಭವನದ ನಡೆಯಲ್ಲೇ ಕಾಣುತ್ತದೆ. ಮನೆಯಂಗಳದ ಆಲ್ಪನಾ ರಂಗವಲ್ಲಿಯನ್ನು ಅಲ್ಲಿ ಸುಕುಮಾರಿ ದೇವಿಯವರು ಕಲಿಸಿದರು. ಭಿತ್ತಿಚಿತ್ರದ ಸಾಂಪ್ರದಾಯಿಕ ವಿಧಾನವನ್ನು ಕಲಿಸಲು ಜಯಪುರದಿಂದ ಕುಶಲಕರ್ಮಿ ನರಸಿಂಗಲಾಲರು ಬಂದರು. 1938ರ ಹರಿಪುರ ಕಾಂಗ್ರೆಸ್ ಅಧಿವೇಶನಕ್ಕೆ ಗಾಂಧೀಜಿಯವರ ಕೋರಿಕೆಯಂತೆ ಬೋಸರು ರಚಿಸಿದ ಫಲಕಗಳಲ್ಲಿ ಬಡಗಿ, ಡೋಲು ಬಾರಿಸುವವ, ಹತ್ತಿ ಹಿಂಜುವವ ಮೊದಲಾದ ಶ್ರಮಜೀವಿಗಳೇ ಮುಖ್ಯ ವ್ಯಕ್ತಿಗಳು.

ಗಡಿಯಾಚೆಯ ಕನ್ನಡ ಶಾಲೆಗಳಿಗೂ ಇದಕ್ಕೂ ಏನು ಸಂಬಂಧ? ಒಂದು ಅನುಭವವನ್ನು ಹೇಳುತ್ತೇನೆ. ಮನೆಯಲ್ಲಿ ಬಳಸುವ ಒಂದು ಸಾಧನದ ಚಿತ್ರ ಬರೆದು, ಭಾಗಗಳ ಹೆಸರು ಗುರುತಿಸಿ ತರುವಂತೆ ಒಮ್ಮೆ ಮಕ್ಕಳಿಗೆ ತಿಳಿಸಿದೆ. ಪಾಠ ಓದಲು ತಡವರಿಸುತ್ತಿದ್ದ, ಮಗ್ಗದ ಮನೆಯ ಬಾಲಕನೊಬ್ಬ ಮಗ್ಗವನ್ನೇ ಬರೆದು ತಂದ. ಲಾಳಿ, ಹಣಿಗೆ, ಹಾಸು, ಹೊಕ್ಕು ಎಂದು ಒಂದೊಂದಾಗಿ ವಿವರಿಸಿದ. ಅವುಗಳಲ್ಲಿ ಎರಡು ಪದಗಳ ಅರ್ಥವನ್ನು ನಾನು ಅವನಿಂದಲೇ ಕಲಿತೆ. ಕನ್ನಡ ಬಾರದವನೆಂದು ನಾನು ಭಾವಿಸಿದ್ದ ಹುಡುಗನಲ್ಲಿ ನನಗೆ ತಿಳಿಯದ ಕನ್ನಡವಿತ್ತು.

ಕಸುಬು ಮರೆಯಾದಾಗ ಇಂಥ ಪದಗಳೂ ಮರೆಯಾಗುತ್ತವೆ. ರಾಜ್ಯಭಾಷೆ ಬೇರೆಯಾಗಿರುವ ನಮ್ಮ ಊರುಗಳಲ್ಲಿ ಕನ್ನಡವು ಕೇವಲ ಪಠ್ಯಪುಸ್ತಕದ ಭಾಷೆಯಾಗಿ ಉಳಿದರೆ ಅದರ ಬೇರು ಸಡಿಲವಾಗುತ್ತದೆ. ಆದುದರಿಂದ ಮೂರು ಸಲಹೆಗಳು:

ಮೊದಲನೆಯದು, ಹಳೆಯ ಲಗ್ನಪತ್ರಿಕೆಗಳ ಖಾಲಿ ಬದಿಯನ್ನು ಕಾರ್ಡುಗಳಾಗಿ ಕತ್ತರಿಸಿ ಮಕ್ಕಳಿಗೆ ಕೊಡಿ. ವಾರಕ್ಕೊಂದು ವಸ್ತುವನ್ನು ಕಣ್ಣಾರೆ ನೋಡಿ ಬರೆಯಲಿ.

ಎರಡನೆಯದು, ಚಿತ್ರದ ಕೆಳಗೆ ಕನ್ನಡದ ಹೆಸರನ್ನು ಬರೆಸಿರಿ. ಮನೆಯಲ್ಲಿ ತುಳು, ಮರಾಠಿ, ತೆಲುಗು, ಬಡಗ ಪದವಿದ್ದರೆ ಅದನ್ನೂ ಪಕ್ಕದಲ್ಲಿ ಬರೆಯಲಿ.

ಮೂರನೆಯದು, ರಂಗೋಲಿ ಬಲ್ಲ ಅಜ್ಜಿಯನ್ನು, ನೇಕಾರರನ್ನು, ಕಾಸರಗೋಡಿನ ಕಡೆಯಾದರೆ ಯಕ್ಷಗಾನದ ವೇಷಭೂಷಣ ಬಲ್ಲವರನ್ನು ತರಗತಿಗೆ ಕರೆಯಿರಿ. ಅವರನ್ನು ನಿಮ್ಮ ಕುರ್ಚಿಯಲ್ಲಿ ಕುಳ್ಳಿರಿಸಿ, ನೀವು ಮಕ್ಕಳ ನಡುವೆ ಕುಳಿತುಕೊಳ್ಳಿರಿ.

ಒಂದು ಎಚ್ಚರಿಕೆಯೂ ಅಗತ್ಯ. ಮಗುವನ್ನು ತಂದೆಯ ಕಸುಬಿಗೆ ಕಟ್ಟಿಹಾಕುವುದು ನಮ್ಮ ಉದ್ದೇಶವಲ್ಲ. ಅದು ನಾಳೆ ಯಾವ ವೃತ್ತಿಯನ್ನಾದರೂ ಹಿಡಿಯಲಿ. ಆದರೆ ತನ್ನ ಮನೆಯ ವಿದ್ಯೆಯನ್ನು ಹೇಳಿಕೊಳ್ಳಲು ಅದು ನಾಚಿಕೊಳ್ಳುವಂತಾಗಬಾರದು. ಯಾವ ಮಗುವೂ ಮನೆಯ ಕೆಲಸದ ನೆಪದಲ್ಲಿ ಹಾಸ್ಯಕ್ಕೆ ಗುರಿಯಾಗದಂತೆ ನೋಡಿಕೊಳ್ಳುವ ಹೊಣೆ ನಮ್ಮದು.

ಮುಂದಿನ ವಾರ ಕಪ್ಪು ಹಲಗೆಯ ಗುಡ್ಡ, ಸೂರ್ಯರಿಗೆ ಬಿಡುವು ಕೊಡೋಣ. ಮಕ್ಕಳು ತಮ್ಮ ಅಂಗಳದಿಂದ ಏನನ್ನು ತರುವರೋ ಕಾದು ನೋಡೋಣ.