ಅಚ್ಚಿನ ಪುಸ್ತಕವೇ ಏಕೆ?

(ಮುಂಬಯಿಯಲ್ಲಿ ರಾಜ್ಯೋತ್ಸವದ ಸಂದರ್ಭದಲ್ಲಿ ಮಾಡಿದ ಭಾಷಣ)



ನಮ್ಮ ಸಂಘದ ಪುಸ್ತಕಭಂಡಾರಕ್ಕೆ ಸ್ಥಳದ ಅಡಚಣೆ ಒದಗಿದೆ. ಬೀರುಗಳನ್ನು ತೆರವು ಮಾಡಿ, ಓದುವ ಯಂತ್ರಗಳನ್ನು ಕೊಳ್ಳಬಹುದೆಂದು ಕೆಲವು ತರುಣ ಮಿತ್ರರು ಸೂಚಿಸಿದ್ದಾರೆ. ಅವರ ಉದ್ದೇಶ ಒಳ್ಳೆಯದೇ. ಆದರೂ ಆ ಸಲಹೆಯನ್ನು ಒಪ್ಪುವ ಮುನ್ನ ನನ್ನ ಎರಡು ಮಾತುಗಳನ್ನು ಲಾಲಿಸಬೇಕೆಂದು ಬೇಡುತ್ತೇನೆ.

ಯಂತ್ರದ ಗುಣಗಳನ್ನು ಮೊದಲು ಒಪ್ಪಿಕೊಳ್ಳೋಣ. ನೂರಾರು ಗ್ರಂಥಗಳು ಅಂಗೈಯಗಲದ ಹಲಗೆಯಲ್ಲಿ ಅಡಗುತ್ತವೆ. ದೃಷ್ಟಿ ಮಂದವಾದ ಹಿರಿಯರು ಅಕ್ಷರಗಳನ್ನು ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದು. ಅಂಗಡಿಯಲ್ಲಿ ಸಿಗದ ಹಳೆಯ ಪುಸ್ತಕಗಳು ಅಂತರಜಾಲದಲ್ಲಿ ದೊರೆಯುತ್ತವೆ. ಗೆದ್ದಲು, ಧೂಳು, ಮುಂಬಯಿಯ ಮಳೆಗಾಲದ ತೇವ, ಇವಾವುದರ ಭಯವೂ ಇಲ್ಲ.

ಆದರೆ ಆ ಪುಸ್ತಕಕ್ಕೆ ಒಡೆಯರು ಯಾರು? ಕಿಂಡಲ್ ಯಂತ್ರಕ್ಕೆಂದು ಹಣ ತೆತ್ತು ನಾವು ಪಡೆಯುವುದು ಪುಸ್ತಕವನ್ನಲ್ಲ, ಓದುವ ಅನುಮತಿಯನ್ನು ಮಾತ್ರ. 2009ರ ಜುಲೈ ತಿಂಗಳಲ್ಲಿ ಅಮೆಜಾನ್ ಸಂಸ್ಥೆಯು ಜಾರ್ಜ್ ಆರ್ವೆಲನ ಎರಡು ಕಾದಂಬರಿಗಳನ್ನು, ಮಾರಿದವರಿಗೆ ಹಕ್ಕಿರಲಿಲ್ಲವೆಂಬ ಕಾರಣದಿಂದ, ಕೊಂಡವರ ಯಂತ್ರಗಳಿಂದ ದೂರದಲ್ಲಿ ಕುಳಿತೇ ಅಳಿಸಿಹಾಕಿತು. ಅನಂತರ ಕ್ಷಮೆ ಕೇಳಿತೆಂಬುದೂ ನಿಜ. 2019ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ತನ್ನ ಪುಸ್ತಕದಂಗಡಿಯನ್ನೇ ಮುಚ್ಚಿತು. ಗಿರಾಕಿಗಳ ಹಣ ಮರಳಿ ಬಂತು, ಪುಸ್ತಕಗಳು ಹೋದವು. ನಮ್ಮ ಮನೆಯ ಕಪಾಟಿಗೆ ಬೇರೊಬ್ಬರ ಕೈಯಲ್ಲಿ ಬೀಗದ ಕೈ ಇರುವುದು ಲೇಸೇ?

ಕನ್ನಡದ ಮಟ್ಟಿಗೆ ಇನ್ನೊಂದು ಸಂಗತಿಯುಂಟು. ಕಿಂಡಲ್ ಮಾರುಕಟ್ಟೆಗೆ ಬಂದದ್ದು 2007ರಲ್ಲಿ. 2016ರ ಡಿಸೆಂಬರಿನಲ್ಲಿ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳ ಎಂಬ ಐದು ಭಾಷೆಗಳ ಪುಸ್ತಕಗಳಿಗೆ ಅದರ ಬಾಗಿಲು ತೆರೆದಾಗ ಆ ಪಟ್ಟಿಯಲ್ಲಿ ಕನ್ನಡವಿರಲಿಲ್ಲ. ಪರರ ಲೆಕ್ಕಾಚಾರವನ್ನೇ ನಂಬಿ ಕುಳಿತ ಭಾಷೆಗೆ ಪಂಕ್ತಿಯ ಕೊನೆಯ ಎಲೆಯೇ ಗತಿ.

ನಮ್ಮ ಸಾಹಿತ್ಯ ಉಳಿದು ಬಂದ ಬಗೆಯನ್ನು ನೆನೆಯಿರಿ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವನ್ನು ಕೆ.ಬಿ. ಪಾಠಕರು ಸಂಪಾದಿಸಿ ಅಚ್ಚಿನಲ್ಲಿ ತಂದದ್ದು 1898ರಲ್ಲಿ. ಆ ಸಾವಿರ ವರ್ಷ ಅದನ್ನು ಕಾಪಾಡಿದವರು ಓಲೆಯ ಮೇಲೆ ಪ್ರತಿ ಮಾಡಿದ ಲಿಪಿಕಾರರು, ಪ್ರತಿಗಳನ್ನು ಜೋಪಾನವಾಗಿಟ್ಟವರು. ಒಂದೆಡೆ ಪ್ರತಿ ನಾಶವಾದರೆ ಮತ್ತೊಂದೆಡೆ ಉಳಿಯುತ್ತಿತ್ತು. ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳ ಹೊರೆಯನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಹಾಗೆ ಮನೆಮನೆ ಸೇರಿದ ಪುಸ್ತಕ ಒಬ್ಬರ ಅಪ್ಪಣೆಯಿಂದ ಮಾಯವಾಗುವಂಥದಲ್ಲ. ಅಜ್ಜ ಕೊಂಡದ್ದನ್ನು ಮೊಮ್ಮಗಳು ಓದಬಹುದು. ನೆರೆಮನೆಯವರಿಗೆ ಎರವಲು ಕೊಡಬಹುದು. ಎರವಲು ಹೋದದ್ದು ಹಿಂದಿರುಗದೆ ಇರಬಹುದು, ಆದರೆ ಅಲ್ಲಿಯೂ ಅದು ಓದಿಸಿಕೊಳ್ಳುತ್ತಲೇ ಇರುತ್ತದೆ!

ಹೊರನಾಡಿಗರಾದ ನಮಗೆ ಇದು ಇನ್ನಷ್ಟು ಮುಖ್ಯ. ಇಲ್ಲಿ ನಮ್ಮ ಮಕ್ಕಳು ಶಾಲೆಯಲ್ಲಿ ಮರಾಠಿ, ಇಂಗ್ಲಿಷು, ಹಿಂದಿ ಕಲಿಯುತ್ತಾರೆ. ಬೀದಿಯ ಫಲಕದಲ್ಲಾಗಲಿ ಲೋಕಲ್ ಗಾಡಿಯಲ್ಲಾಗಲಿ ಕನ್ನಡದ ಅಕ್ಷರ ಅವರ ಕಣ್ಣಿಗೆ ಬೀಳುವುದು ಅಪರೂಪ. ತಂದೆಯ ಯಂತ್ರದೊಳಗೆ ಗುಪ್ತಪದದ ಹಿಂದಿರುವ ಪುಸ್ತಕವನ್ನು ಮಗು ಕಾಣುವುದೆಂತು? ಕಪಾಟಿನಲ್ಲಿರುವ ಪುಸ್ತಕವಾದರೋ ಕರೆಯದೆಯೇ ಕರೆಯುತ್ತದೆ. ಬೇಸರದ ಒಂದು ಮಧ್ಯಾಹ್ನ ಮಗು ಅದನ್ನೆಳೆದು, ಚಿತ್ರ ನೋಡಿ, "ಇದೇನಮ್ಮಾ ಈ ಅಕ್ಷರ?" ಎಂದು ಕೇಳಿದರೆ ಸಾಕು, ಕನ್ನಡದ ಪಾಠ ಆರಂಭವಾದಂತೆಯೇ. ಆ ಪ್ರಶ್ನೆ ಹುಟ್ಟುವ ಅವಕಾಶವನ್ನೇ ನಾವು ಕಳೆಯಬಾರದು.

ಆದುದರಿಂದ ನನ್ನ ಸೂಚನೆ ಇಷ್ಟೇ. ಹಿರಿಯರ ಉಪಯೋಗಕ್ಕೆಂದು ಯಂತ್ರಗಳೂ ಒಂದೆರಡು ಬರಲಿ. ಬೀರುಗಳು ಮಾತ್ರ ಕದಲದಿರಲಿ. ಸ್ಥಳ ಸಾಲದಿದ್ದರೆ ಪುಸ್ತಕಗಳು ಸದಸ್ಯರ ಮನೆಗಳಲ್ಲಿ ಸರದಿಯಂತೆ ಸುತ್ತಲಿ. ಮಕ್ಕಳ ಹುಟ್ಟುಹಬ್ಬಕ್ಕೆ ಒಂದು ಕನ್ನಡ ಪುಸ್ತಕ ಕೊಟ್ಟು, ಮೊದಲ ಪುಟದಲ್ಲಿ ಆ ಮಗುವಿನ ಹೆಸರನ್ನು ಕನ್ನಡದಲ್ಲೇ ಬರೆಯಿರಿ. ತನ್ನ ಹೆಸರನ್ನು ಓದಲು ಕಲಿತ ಮಗು ಮುಂದಿನ ಪುಟವನ್ನು ತಾನೇ ತಿರುವೀತು.